ಹುಡುಗರ ಕಪಾಟು ಯಾವುದು?

ಆಟಿಕೆ ಅಂಗಡಿಗೆ ಮಕ್ಕಳಷ್ಟೇ ಬಂದರೆ ತಂಟೆಯಿಲ್ಲ. ದೊಡ್ಡವರು ಜೊತೆಗೆ ಬಂದರೆ ಒಂದಲ್ಲ ಒಂದು ಪ್ರಸಂಗ ಗ್ಯಾರಂಟಿ. ಕೊಡಗಿನ ಗೋಣಿಕೊಪ್ಪಲು ಸಂತೆಯಲ್ಲಿ ಬುಟ್ಟಿ ಹೊತ್ತು ಬಲೂನು ಮಾರಿ, ಸಾಮಾನು ಕಟ್ಟುವ ಹಳೇ ಪೇಪರಿನಲ್ಲೇ ಓದು ಕಲಿತು, ನಾನೇ ಎಬ್ಬಿಸಿದ ಅಂಗಡಿ ಇದು. ಹುಡುಗರಿಗೊಂದು ಕಪಾಟು, ಹುಡುಗಿಯರಿಗೊಂದು ಎಂದು ಬೇರೆ ಮಾಡಿಲ್ಲ. "ಹೀಗಾದ್ರೆ ಗಿರಾಕಿ ನಿಲ್ಲಲ್ಲ" ಎಂದು ಪಕ್ಕದ ಬಟ್ಟೆ ಅಂಗಡಿಯವರು ಹೇಳುತ್ತಲೇ ಇರುತ್ತಾರೆ. ನಾನು ಕೇಳುವವಳಲ್ಲ.

ಪುಟ್ಟ ಒಲೆ

ಕಾಫಿ ತೋಟದ ಲೆಕ್ಕ ಬರೆಯುವ ರೈಟರೊಬ್ಬರ ಮಗ ಅಡುಗೆ ಸೆಟ್ಟು ಹಿಡಿದವನು ಬಿಡಲೊಲ್ಲ.

"ಗಂಡು ಹುಡುಗನಿಗೆ ಒಲೆ ಯಾಕಕ್ಕ? ಜೀಪ್ ಕೊಡಿ" ಎಂದರು ಅಪ್ಪ.

"ಮದುವೆ ಊಟಕ್ಕೆ ಹಂದಿ ಮಾಂಸದ ಪಂದಿ ಕರಿ ಮಾಡೋರು ಯಾರು?"

"ನಾವೇ. ಆ ಸೌಟು ಹೆಂಗಸರ ಕೈಗೆ ಕೊಡೋಕಾಗ್ತದಾ?"

ಅಂದವರು ಮಗನ ಕೈಯಿಂದ ಪಾತ್ರೆ ತಗೊಂಡು ತಿರುಗಿಸಿ ನೋಡಿದರು.

"ಇದು ಎಷ್ಟು ಜನಕ್ಕಾಗ್ತದೆ? ದೊಡ್ಡದಿಲ್ವಾ?"

ಹವಾಲ್ದಾರರ ಮೊಮ್ಮಗ

ನಿವೃತ್ತ ಹವಾಲ್ದಾರರ ಮೊಮ್ಮಗ ಗೊಂಬೆ ಬೇಕೆಂದ. "ನಮ್ಮ ಮನೇಲಿ ಗಂಡುಮಕ್ಕಳು ಗೊಂಬೆ ಆಡಲ್ಲ" ಎಂದು ಅವರು ಗದರಿದರು. ಸಮವಸ್ತ್ರ ತೊಟ್ಟ ಮೀಸೆ ಗೊಂಬೆ ತೋರಿಸಿದೆ.

"ಇದಾಗಬಹುದು. ಇದು ಗೊಂಬೆಯಲ್ಲ, ಸೈನಿಕ."

ಮರುವಾರ ಒಬ್ಬರೇ ಬಂದರು. ಅತ್ತಿತ್ತ ನೋಡಿ ದನಿ ತಗ್ಗಿಸಿದರು: "ತೊಟ್ಟಿಲು ಇದೆಯಾ? ಸೈನಿಕನನ್ನು ನನ್ನ ಟೋಪಿಯಲ್ಲಿ ಮಲಗಿಸ್ತಾನೆ. ಎಬ್ಬಿಸಬೇಡ ಅಂತಾನೆ. ನನಗೆ ಬೆಳಗ್ಗೆ ವಾಕಿಂಗಿಗೆ ಟೋಪಿ ಇಲ್ಲ."

ಕೋವಿ

ಕೊಡವರ ಮನೆಯಲ್ಲಿ ಗಂಡು ಹುಟ್ಟಿದರೆ ಗಾಳಿಗೆ ಗುಂಡು ಹಾರಿಸುವುದು ವಾಡಿಕೆ. ಪ್ರತಿ ಕೈಲ್ ಮುಹೂರ್ತ ಹಬ್ಬಕ್ಕೆ ಇಡೀ ಕುಟುಂಬದ ಮಕ್ಕಳಿಗೆ ನನ್ನಲ್ಲೇ ಆಟಿಕೆ ಕೊಳ್ಳುತ್ತಿದ್ದ ಪ್ಲಾಂಟರ್ ಅಜ್ಜ, ಸೊಸೆ ಇನ್ನೂ ಹೆರಿಗೆ ಕೋಣೆಯಲ್ಲಿರುವಾಗಲೇ ಬಂದು ಆಟದ ಕೋವಿ ಒಯ್ದರು. "ಮೊಮ್ಮಗನೇ, ಅನುಮಾನ ಬೇಡ" ಎಂದರು.

ಮರುದಿನ ಕೋವಿ ವಾಪಸ್ ಬಂತು. "ಹೆಣ್ಣು ಹುಟ್ಟಿತಮ್ಮ. ಇದನ್ನ ತಗೊಂಡು ಗೊಂಬೆ ಕೊಡು."

"ಕೋವಿ ಕೆಟ್ಟಿದೆಯಾ ಅಜ್ಜ?"

"ಇಲ್ಲ."

"ಮಗು ಚೆನ್ನಾಗಿದೆಯಾ?"

"ಮುತ್ತಿನಂಗಿದೆ!"

"ಎರಡೂ ಚೆನ್ನಾಗಿದ್ರೆ ಬದಲಾಯಿಸೋದೇನು?"

"ಇನ್ನು ನಿನ್ನ ಅಂಗಡಿ ಮೆಟ್ಟಿಲು ಹತ್ತಲ್ಲ" ಎಂದು ಕೋವಿ ಹಿಡಿದು ಇಳಿದುಹೋದರು. ಆ ಹಬ್ಬಕ್ಕೆ ಅವರ ಜೀಪು ಎದುರಿನ ಅಂಗಡಿ ಮುಂದೆ ನಿಂತಿತು. ಮುಂದಿನ ಹಬ್ಬಗಳಿಗೂ ಅಲ್ಲೇ. "ನಾನು ಹೇಳಿರ್ಲಿಲ್ವಾ?" ಎಂದರು ಬಟ್ಟೆ ಅಂಗಡಿಯವರು. ಅಂಥ ಗಿರಾಕಿ ಹೋದದ್ದು ನನಗೂ ಚುರುಕ್ಕೆಂದಿತು. ಕಪಾಟು ಮಾತ್ರ ಬೇರೆ ಮಾಡಲಿಲ್ಲ.

ಮೊನ್ನೆ ಅಜ್ಜ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರು. ಪಂಚೆಯ ಮೊಣಕಾಲಿನ ಜಾಗವೆಲ್ಲ ಕೆಸರು. ಹಿಂದೆ ಅದೇ ಕೋವಿ ಹೆಗಲಿಗೇರಿಸಿದ ನಾಲ್ಕೈದು ವರ್ಷದ ಮೊಮ್ಮಗಳು.

"ಇನ್ನೊಂದು ಕೋವಿ ಕೊಡಮ್ಮ."

"ಮೊಮ್ಮಗ ಹುಟ್ಟಿದ್ನಾ?"

"ಇಲ್ಲ ಮಾರಾಯ್ತಿ, ನನಗೆ! ಇರೋದೊಂದು ಕೋವಿ, ಅದು ಇವಳ ಕೈಲಿ. ದಿನವೂ ಬೇಟೆಯಾಟದಲ್ಲಿ ನಾನೇ ಕಾಡುಹಂದಿ!"