ಮಂಡಿಗೆ ಅಂಟಿದ ಬಾದಾಮಿ ಎಲೆ

ಎಲೆ ಇರುವುದು ಮೈಗೆ ಕಟ್ಟಲಿಕ್ಕೆ, ಗೋಡೆಗೆ ಕಟ್ಟಲಿಕ್ಕಲ್ಲ ಎಂಬುದು ಬೋರ್ಡು ಬರೆಯುವವನ ಸಿದ್ಧಾಂತ. ಅದನ್ನು ಅವನು ಹಲ್ಲುಜ್ಜುವಾಗ, ಉಣ್ಣುವಾಗ, ಕೊನೆಗೆ ಬಚ್ಚಲಿನ ಒಳಗಿಂದಲೂ ಸಾರುತ್ತ ಬಂದಿದ್ದ. ಕಿವಿಗೊಡುವವರಿರಲಿಲ್ಲ. ಹೆಂಡತಿ ಹೊಲಿಗೆ ಮಿಷನ್ನು ಮೂಲೆಗೆ ತಳ್ಳಿ, ಎಲೆಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

ಮನೆ ಮುಂದಿನ ಕಾಡುಬಾದಾಮಿ ಮರಕ್ಕೆ ಎಲೆ ಉದುರಿಸುವ ಕಾಲ. ಉದುರುವ ಮುಂಚೆ ಎಲೆಗಳು ತಾಮ್ರದ ತಟ್ಟೆಯ ಹಾಗೆ ಕೆಂಪಾಗುತ್ತವೆ. ಇಷ್ಟು ವರ್ಷ ಬೈದುಕೊಂಡು ಗುಡಿಸಿದ್ದ ಅವನ್ನೇ ಈ ಸಲ ಆಕೆ ಹಳೇ ಪೇಪರಿನಲ್ಲಿ ಒತ್ತಿ, ಒಣಗಿಸಿ, ವಾರ್ನಿಷ್ ಬಳಿದು, ದಾರಕ್ಕೆ ಪೋಣಿಸಿ ಪರದೆ ಮಾಡುತ್ತಿದ್ದಳು. ಶಾಲೆಯ ಹೆಡ್‌ಮೇಡಂ ನಿವೃತ್ತಿಯ ಸಭೆಗೆ ವೇದಿಕೆಯ ಅಲಂಕಾರ ಅವಳದು. ಜೀವಮಾನವೆಲ್ಲ ಕಂಡವರ ಅಳತೆಗೆ ಹೊಲಿದವಳಿಗೆ, ನಿನಗೆ ತೋಚಿದಂತೆ ಮಾಡು ಎಂದು ಯಾರಾದರೂ ಹೇಳಿದ್ದು ಇದೇ ಮೊದಲು. ಎಲ್ಲಕ್ಕಿಂತ ದೊಡ್ಡ, ಕಡುಗೆಂಪು ಎಲೆಗಳನ್ನು ಪರದೆಯ ನಟ್ಟನಡುವಿಗೆಂದು ಹಲಗೆಯಡಿ ಜೋಪಾನ ಮಾಡಿದ್ದಳು.

ಇತ್ತ ಏಣಿ ಹತ್ತಿಳಿದು ಅವನ ಮಂಡಿಗಳು ಹದಗೆಟ್ಟಿದ್ದವು. ಬಾದಾಮಿ ಎಲೆ ಬಿಸಿ ಮಾಡಿ ಮಂಡಿಗೆ ಕಟ್ಟುವುದು ಜೊತೆಗಿದ್ದ ಅವನ ತಾಯಿ ಹೇಳಿಕೊಟ್ಟ ಮದ್ದು. ಮರ ಹತ್ತಿ ಕಿತ್ತುಕೊಳ್ಳೋಣವೆಂದರೆ ಮಂಡಿ ಬಿಡದು. ನೆಲಕ್ಕೆ ಬಿದ್ದದ್ದರ ಮೇಲೆ ಬೀದಿನಾಯಿಗಳು ಕಾಲೆತ್ತದೆ ಬಿಡವು. ಸಭೆಯ ದಿನ ಬೆಳಿಗ್ಗೆ ಹೆಂಡತಿ ಹಗ್ಗ ಬಿಗಿಯಲು ಸಭಾಂಗಣಕ್ಕೆ ಹೋದಳು. ತಾಯಿ ನಿದ್ದೆಯಲ್ಲಿದ್ದಳು. ಅವನ ಕಣ್ಣು ಹಲಗೆಯ ಮೇಲೆ ಬಿತ್ತು.

ಎಲೆಗಳನ್ನು ಕಾವಲಿಯ ಮೇಲೆ ಬಿಸಿ ಮಾಡಿದ. ವಾರ್ನಿಷ್ ಕರಗಿ ಎದ್ದ ನಾತಕ್ಕೆ ಮೂಗಿದ್ದವನು ಓಡಿಹೋಗಬೇಕಿತ್ತು. (ಬಣ್ಣ, ಟರ್ಪೆಂಟೈನ್ ಕುಡಿದೂ ಕುಡಿದೂ ಇವನ ಮೂಗು ಮುಖಕ್ಕೊಂದು ಅಲಂಕಾರವಾಗಿ ಮಾತ್ರ ಉಳಿದಿತ್ತು.) ಪದರಪದರವಾಗಿ ಮಂಡಿಗಿಟ್ಟು, ಬಟ್ಟೆ ಸುತ್ತಿ, ಕಾಲು ನೀಡಿ ಮಲಗಿದ. ಹಿತವಾಯಿತು. ಗೊರಕೆ ಬಂತು.

ಎದ್ದಾಗ ಎಲೆ, ಬಟ್ಟೆ, ಚರ್ಮ, ಕೂದಲು ಒಂದಾಗಿದ್ದವು. ಹರೆಯದಲ್ಲಿ ಮುಷ್ಕರಕ್ಕೆ ಕೂತು ಗಂಟಲು ಹರಿಯುವಂತೆ ಕೂಗಿದರೂ ಬರದಿದ್ದ ಒಗ್ಗಟ್ಟು ಈಗ ಮಂಡಿಯಲ್ಲಿ ಬಂದಿತ್ತು. ಎಳೆದ; ಕಣ್ಣಲ್ಲಿ ನೀರು ಬಂತು. ಟರ್ಪೆಂಟೈನ್ ಡಬ್ಬ ಅಲ್ಲಾಡಿಸಿದರೆ, ಹೆಂಡತಿ ಬ್ರಷ್ ತೊಳೆದು ಖಾಲಿ ಮಾಡಿದ್ದಳು. ಅಷ್ಟರಲ್ಲಿ ಅವಳ ಚಪ್ಪಲಿ ಸದ್ದು. ಪ್ಯಾಂಟು ಏರಿಸಿಕೊಂಡ.

ಹಲಗೆ ಎತ್ತಿದವಳು ಅದನ್ನು ಕೆಳಗಿಡಲೇ ಇಲ್ಲ.

"ಅತ್ತೆ, ನನ್ನ ಎಲೆ ಎಲ್ಲಿ?"

"ನಾನ್ಯಾಕಮ್ಮ ಮುಟ್ಲಿ?"

"ಮಂಡಿಗೆ ಕಟ್ಟೋ ಹುಚ್ಚು ಈ ಮನೆಗೆ ತಂದಿದ್ಯಾರು?"

ಮುದುಕಿ ಉಟ್ಟದ್ದನ್ನು ಎತ್ತಿ ತನ್ನ ಬರೀ ಮಂಡಿ ತೋರಿಸಿದಳು. ಕಟ್ಟಿ ಬಿಸಾಕಿರಬಹುದಲ್ಲ ಎಂದಳು ಸೊಸೆ. ಇಬ್ಬರೂ ಅವನತ್ತ ತಿರುಗಿದರು. ನಿಜ ಹೇಳಬೇಕೆಂದೇ ಅವನು ಬಾಯಿ ತೆರೆದದ್ದು. ಹೊರಗೆ ಬಂದದ್ದು ಬೇರೆ.

"ಅಮ್ಮಂಗೆ ವಯಸ್ಸಾಯ್ತಲ್ಲ. ಮರೆತಿರಬಹುದು."

ತಾಯಿ ಅವನನ್ನೇ ನೋಡಿದಳು. ನಡುವೆ ಖಾಲಿಯೇ ಇರಲಿ ಎಂದು ಹೆಂಡತಿ ಉಳಿದ ಎಲೆಗಳನ್ನು ಬಾಚಿಕೊಂಡು ಹೊರಟುಹೋದಳು. ಒಂದು ಬೈಗುಳವನ್ನಾದರೂ ಬಿಟ್ಟುಹೋಗಿದ್ದರೆ ಅವನಿಗೆ ಉಸಿರಾಡಲು ಆಗುತ್ತಿತ್ತು.

ಸಂಜೆ ತಾಯಿಯ ಹಿಂದೆ ಮರಗಾಲು ಕಟ್ಟಿದವನಂತೆ ನಡೆದು ಸಭೆಗೆ ಹೋದ. ಪರದೆ ಕೆಂಪಗೆ ಉರಿಯುತ್ತಿತ್ತು. ನಡುವೆ ಮಾತ್ರ ಮುಂದಿನ ಹಲ್ಲು ಬಿದ್ದಂಥ ಖಾಲಿ. ತಾಯಿ ಸಾಲಿನ ತುದಿಯಲ್ಲಿ ಕೂತಳು. ಅವನು ಪಕ್ಕದ ಗೋಡೆಗೆ ಒರಗಿ ನಿಂತ. ಎಲ್ಲರೂ ಕೂತರು. ಅವನು ನಿಂತೇ ಇದ್ದ.

ಹೆಡ್‌ಮೇಡಂ ಅಲಂಕಾರವನ್ನು ಬಾಯ್ತುಂಬ ಹೊಗಳಿ, ಹೆಂಡತಿಯನ್ನು ವೇದಿಕೆಗೆ ಕರೆದು, ಅಲ್ಲಿಂದಲೇ ಅವನತ್ತ ಬೆರಳು ತೋರಿಸಿದರು. "ನೋಡಿ, ಹೆಂಡತಿಯ ಕೆಲಸಕ್ಕೆ ಮರ್ಯಾದೆ ಕೊಟ್ಟು ಆಗಿಂದ ನಿಂತೇ ಇದಾರೆ. ಗಂಡಂದಿರು ಕಲೀಬೇಕು."

ಚಪ್ಪಾಳೆ ಬಿತ್ತು. ವೇದಿಕೆಯ ಮೇಲಿನಿಂದ ಹೆಂಡತಿ ಅವನನ್ನು ಮೆತ್ತಗಾದ ಕಣ್ಣಿನಿಂದ ನೋಡಿದಳು. ಕುಸಿದು ಭೂಮಿಯೊಳಗೆ ಹೋಗೋಣವೆನಿಸಿತು. ಕುಸಿಯಬೇಕಾದರೂ ಮಂಡಿ ಮಡಿಸಬೇಕಲ್ಲ.

"ಮರ್ಯಾದೆ ಕೊಟ್ಟಿದ್ದು ಸಾಕು, ಕೂತ್ಕೊಳೋ," ಎಂದಳು ತಾಯಿ. ಇರಲಿ ಬಿಡಮ್ಮ ಎಂದ. ಅವಳು ಊರುಗೋಲಿನ ತುದಿಯಿಂದ ಅವನ ಮಂಡಿ ತಿವಿದಳು. ಬಾಗಿಲು ಬಡಿದಂತೆ ಠಕ್ ಎಂದಿತು. ಇನ್ನೊಂದನ್ನೂ ತಿವಿದಳು. ಅದೂ ಠಕ್ ಎಂದಿತು.

ಚಪ್ಪಾಳೆ ನಿಲ್ಲುವವರೆಗೆ ಕಾದು ಮುದುಕಿ ಎದ್ದಳು. "ನಿನ್ನ ಎಲೆ ಸಿಕ್ತು ಕಣಮ್ಮ. ಕತ್ತರಿ ತಗೊಂಡು ಬಾ."

ಇಡೀ ಸಭೆ ಹಿಂದಕ್ಕೆ ತಿರುಗಿತು. "ಅಮ್ಮ ಅಲ್ಲ, ನಾನು ತಗೊಂಡಿದ್ದು," ಎಂದ ಅವನು. ಪಿಸುಗುಟ್ಟಿದ್ದೇ ಆದರೂ ಕೊನೇ ಸಾಲಿಗೂ ಕೇಳಿಸಿತು.

ಹೆಂಡತಿ ಇಳಿದು ಬಂದಳು. ಮೊದಲು ಅತ್ತೆಯ ಕೈ ಹಿಡಿದು ತಪ್ಪಾಯ್ತು ಎಂದಳು. ಆಮೇಲೆ ಗಂಡನ ಮುಂದೆ ಕೂತು ಪ್ಯಾಂಟನ್ನು ಮಂಡಿಯ ಮೇಲಕ್ಕೆ ನೀಟಾಗಿ ಕತ್ತರಿಸಿ, ಸುತ್ತಿದ ಬಟ್ಟೆಯನ್ನು ಅಂಟಿಕೊಂಡಲ್ಲಿ ಬಿಟ್ಟು ಉಳಿದಲ್ಲಿ ಬಿಡಿಸಿ, ಎಲೆಗಳನ್ನು ಬೆಳಕಿಗೆ ವಾರೆ ಮಾಡಿ ನೋಡಿದಳು.

"ಬಣ್ಣ ಕೆಟ್ಟಿಲ್ಲ," ಎಂದಳು ಹೆಡ್‌ಮೇಡಂ ಕಡೆ ತಿರುಗಿ. "ಇವರನ್ನ ಎತ್ಕೊಂಡು ಹೋಗಿ ನಡುವೆ ನಿಲ್ಲಿಸಿ."

ನಾಲ್ಕು ಜನ ಮೇಷ್ಟ್ರುಗಳು ಹಲಗೆ ಎತ್ತಿದಂತೆ ಎತ್ತಿ ನಿಲ್ಲಿಸಿದರು. ಪರದೆ ಪೂರ್ತಿಯಾಯಿತು. ತಲೆ ಎತ್ತಿ, ಸ್ವಲ್ಪ ನಗಿ ಎಂದು ಫೋಟೋದವನು ಎಷ್ಟು ಗೋಗರೆದರೂ ಅವೆರಡೂ ಅವನಿಂದಾಗಲಿಲ್ಲ.