ಹುಮನಾಬಾದಿನಲ್ಲಿ ಇಳಿದರೆ ಆಗುವ ಉಳಿತಾಯ

ಹಣ ಉಳಿಸುವುದು ಒಂದು ಕಾಯಿಲೆ ಎಂದು ಯಾವ ಡಾಕ್ಟರೂ ಹೇಳಿಲ್ಲ. ಹೇಳಲು ಅವರಿಗೆ ಅವಕಾಶವೇ ಸಿಕ್ಕಿಲ್ಲ. ಈ ಕಾಯಿಲೆ ಇದ್ದವನು ಫೀಸು ಕೊಟ್ಟು ಡಾಕ್ಟರ ಎದುರು ಕೂರುವುದೇ ಇಲ್ಲವಲ್ಲ. ನಾನೂ ಕೂತಿಲ್ಲ. ಬಸವಕಲ್ಯಾಣದ ಒಂದು ಗೊಬ್ಬರದ ಗೋದಾಮಿನಲ್ಲಿ ಬಂದ ಚೀಲ, ಹೋದ ಚೀಲ, ಇಲಿ ಕಡಿದ ಚೀಲ ಎಂದು ಮೂರು ಅಂಕಣದಲ್ಲಿ ಬರೆಯುವುದು ನನ್ನ ಕೆಲಸ. ಸಂಜೆ ಐದೂವರೆಗೆ ಗೋದಾಮಿಗೆ ಬೀಗ ಬೀಳುತ್ತದೆ. ಬರೆಯುವ ಚಟಕ್ಕೆ ಬೀಗ ಬೀಳುವುದಿಲ್ಲ. ಮನೆಗೆ ಬಂದು ಡೈರಿ ಬರೆಯುತ್ತೇನೆ. ಒಂದು ಸಾಬೂನು ಎಷ್ಟು ದಿನ ಬಂತು, ಛತ್ರಿಯ ಕಡ್ಡಿ ಯಾವ ತಿಂಗಳು ಮುರಿಯಿತು, ತಂಗಿ ನನ್ನ ಪೆನ್ನನ್ನು ಯಾವ ವಾರ ಒಯ್ದು ಯಾವ ವಾರ ತಂದಿಟ್ಟಳು, ಎಲ್ಲವೂ ಅದರಲ್ಲಿದೆ. ಇದುವರೆಗೆ ಯಾರೂ ಕೇಳಿಲ್ಲ. ಕೇಳಿದರೆ ಇರಲಿ ಎಂದು ಬರೆಯುತ್ತೇನೆ.

ಇಂಥವನಿಗೂ ಹೆಣ್ಣು ಕೊಟ್ಟರು. ಹುಮನಾಬಾದಿನ ಪ್ರಭಾವತಿ ನಮ್ಮ ಮನೆಗೆ ಬಂದು, ಹೋದ ಜನವರಿಗೆ ಎಂಟು ತಿಂಗಳಾಗಿತ್ತು. ನಮ್ಮದು ಎರಡು ಕೋಣೆಯ ಮನೆ. ಅವ್ವ, ಇಬ್ಬರು ತಂಗಿಯರು, ನಾವಿಬ್ಬರು. ಎರಡು ಕೋಣೆಯ ನಡುವಿನ ಗೋಡೆ ಮಾಳಿಗೆಯನ್ನು ಮುಟ್ಟುವುದಿಲ್ಲ. ಕಟ್ಟಿಸುವಾಗ ನಮ್ಮಪ್ಪ ಮೇಲಿನ ಮೂರು ಸಾಲು ಇಟ್ಟಿಗೆ ಉಳಿಸಿದ್ದರು, ಕಾಯಿಲೆ ವಂಶದ್ದು. ಹೀಗಾಗಿ ಈಚೆ ಕೆಮ್ಮಿದರೆ ಆಚೆಯಿಂದ ಶುಂಠಿ ಕಷಾಯ ಬರುತ್ತಿತ್ತು. ಒಮ್ಮೆ ಒಂದು ವಾರವಿಡೀ ನಾವಿಬ್ಬರೇ ಆಡಿದ ಮಾತುಗಳನ್ನು ಬರೆದಿಟ್ಟೆ. ಒಟ್ಟು ಹದಿನಾಲ್ಕು. ಅದರಲ್ಲಿ ಒಂಬತ್ತು "ನೀರ ಕಾದಾವ್ರಿ" ಎಂಬುದು. ಉಳಿದ ಐದರಲ್ಲಿ ಮೂರಕ್ಕೆ ಆಚೆಯ ಕೋಣೆಯಿಂದ ಅವ್ವನೇ ಉತ್ತರ ಕೊಟ್ಟಿದ್ದಳು.

ಆದ್ದರಿಂದ ಒಂದು ದಿನ ಬಾವಿಕಟ್ಟೆಯ ಹತ್ತಿರ ಪ್ರಭಾವತಿ ತಗ್ಗಿದ ದನಿಯಲ್ಲಿ, "ಹೈದರಾಬಾದಿನಾಗ ಎಕ್ಸಿಬಿಷನ್ ನಡದದಂತ. ಆಕಾಶದ ತನಕ ತಿರಗೋ ತೊಟ್ಟಿಲ ಅದಾವಂತ. ಎರಡ ದಿನ ಹೋಗಿ ಬರೂಣೇನ್ರಿ, ನಾವಿಬ್ಬರೇ?" ಎಂದಾಗ, ನಾನು ತೊಟ್ಟಿಲಿಗಿಂತ 'ನಾವಿಬ್ಬರೇ' ಎಂಬುದಕ್ಕೆ ಒಪ್ಪಿದೆ. ಅವಳಿಗೂ ಬೇಕಾಗಿದ್ದದ್ದು ಅದೇ. ಪೇಟೆಯವರು ಜೈಂಟ್ ವೀಲ್ ಎನ್ನುವ ಆ ತೊಟ್ಟಿಲು ಒಂದು ನೆಪ.

ಒಪ್ಪಿದ ರಾತ್ರಿಯೇ ಡೈರಿ ತೆಗೆದೆ. ಇಬ್ಬರಿಗೆ ಬಸ್ಸು ಹೋಗಿಬರಲು ಇಪ್ಪತ್ತಾರು ರೂಪಾಯಿ, ಲಾಡ್ಜಿನಲ್ಲಿ ಒಂದು ರಾತ್ರಿಗೆ ಹನ್ನೆರಡು, ಊಟಕ್ಕೆ ಹದಿನಾರು, ಎಕ್ಸಿಬಿಷನ್ನಿಗೆ ಹನ್ನೆರಡು. ಒಟ್ಟು ಅರವತ್ತಾರು. ಅಂಕಿಯನ್ನು ನೋಡಿ ನನಗೆ ಬೆವರು ಬಂತು, ಜನವರಿಯ ಚಳಿಯಲ್ಲಿ. ಎರಡು ದಿನ ಕೂತು ಯೋಚಿಸಿದೆ. ಹೈದರಾಬಾದಿನ ಬಸ್ಸು ಹೇಗೂ ಹುಮನಾಬಾದಿನ ಮೇಲೆಯೇ ಹೋಗುತ್ತದೆ. ಗುರುವಾರ ಸಂಜೆ ಅಲ್ಲಿ ಇಳಿದರೆ ಮಾವನ ಮನೆಯಲ್ಲಿ ರಾತ್ರಿ ಊಟ. ಅತ್ತೆಯವರು ಕಟ್ಟಿಕೊಡುವ ರೊಟ್ಟಿ, ಶೇಂಗಾ ಹಿಂಡಿಯಲ್ಲಿ ಎರಡು ದಿನದ ಬುತ್ತಿ. ಊಟದಲ್ಲಿ ಹನ್ನೆರಡು ರೂಪಾಯಿ ಉಳಿಯಿತು. ಶನಿವಾರ ರವಿವಾರ ಎಕ್ಸಿಬಿಷನ್ನಿನಲ್ಲಿ ಎಲ್ಲದಕ್ಕೂ ದರ ಹೆಚ್ಚು ಎಂದು ನಮ್ಮ ಗೋದಾಮಿನ ಲಾರಿ ಡ್ರೈವರು ಹೇಳಿದ್ದ. ಶುಕ್ರವಾರ ಹೋದರೆ ಇನ್ನೈದು ಉಳಿಯಿತು. ಹದಿನೇಳು ರೂಪಾಯಿ! ನಲವತ್ತೊಂಬತ್ತರಲ್ಲಿ ಹೈದರಾಬಾದು. ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದೆ. ಹೆಂಡತಿಗೆ ಅಚ್ಚರಿಯಾಗಲಿ ಎಂದು ಲೆಕ್ಕ ತೋರಿಸಲಿಲ್ಲ. "ಗುರುವಾರ ಹೊರಡೋದು" ಎಂದಷ್ಟೇ ಹೇಳಿದೆ. ಕೈಖರ್ಚು ಸೇರಿ ಐವತ್ತೈದು ರೂಪಾಯಿ ಕಿಸೆಯಲ್ಲಿಟ್ಟುಕೊಂಡೆ.

ಗುರುವಾರ ಸಂಜೆ ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಟ್ರಂಕು ಇಳಿಸಿದಾಗ ಪ್ರಭಾವತಿ ಬಸ್ಸಿನ ಮೆಟ್ಟಿಲ ಮೇಲೆಯೇ ನಿಂತಳು. "ಇಲ್ಲಿ ಯಾಕ ಇಳಿಸಾಕತ್ತೀರಿ?"

ನಾನು ಹೆಮ್ಮೆಯಿಂದ ಇಡೀ ಲೆಕ್ಕ ಹೇಳಿದೆ. ಕೇಳುತ್ತ ಕೇಳುತ್ತ ಅವಳು ಕೆಳಗಿಳಿದಳು. ಬಸ್ಸು ಹೋಯಿತು. ಬಸ್ಸಿನ ಧೂಳು ಇಳಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

"ನಾಳೆ ಯಾವ ವಾರ?"

"ಶುಕ್ರವಾರ."

"ಶುಕ್ರವಾರ ದಿನ ಮಗಳನ್ನ ತವರಮನಿಯಿಂದ ಯಾರರೆ ಕಳಸ್ತಾರೇನ್ರಿ?"

ಮಂಗಳವಾರ, ಶುಕ್ರವಾರ ಹೆಣ್ಣುಮಕ್ಕಳನ್ನು ತವರಿನಿಂದ ಕಳಿಸುವುದಿಲ್ಲ. ಮನೆಯ ಲಕ್ಷ್ಮಿ ಜತೆಗೇ ಹೊರಟುಹೋಗುತ್ತಾಳೆ. ನಮ್ಮ ಕಡೆ ಮಾತು ಕಲಿತ ಕೂಸಿಗೂ ಗೊತ್ತಿರುವ ಸಂಗತಿ ಇದು. ನನ್ನ ಅಕ್ಕನನ್ನು ಎಷ್ಟೋ ಸಲ ಇದೇ ಕಾರಣಕ್ಕೆ ಉಳಿಸಿಕೊಂಡಿದ್ದೇವೆ. ಆ ಲೆಕ್ಕವೂ ಡೈರಿಯಲ್ಲಿದೆ. ಆದರೆ ದರದ ಅಂಕಣದಲ್ಲಿ ಶುಕ್ರವಾರವನ್ನು ಬರೆದಾಗ ನನಗೆ ಐದು ರೂಪಾಯಿ ಮಾತ್ರ ಕಂಡಿತ್ತು.

"ಇನ್ನಾ ಮನಿ ಹೊಸ್ತಿಲ ತುಳದಿಲ್ಲ. ಹಿಂದ ಬರೋ ಬಸ್ಸಿಗೆ ಹೋಗಿಬಿಡೂಣ ನಡೀರಿ," ಎಂದಳು ಪ್ರಭಾವತಿ. ಒಳ್ಳೆಯ ಮಾತು. ಆದರೆ ಹಿಂದೆ ಬರುವ ಬಸ್ಸು ಹೈದರಾಬಾದು ಮುಟ್ಟುವುದು ಬಹಳ ಹೊತ್ತಾದ ಮೇಲೆ. ಲಾಡ್ಜಿಗೆ ಇನ್ನೊಂದು ರಾತ್ರಿಯ ಹನ್ನೆರಡು ರೂಪಾಯಿ. "ಅತ್ತೆಯವರಿಗೆ ನಾನು ತಿಳಿಸಿ ಹೇಳ್ತೀನಿ," ಎಂದೆ. ಅವಳು ನನ್ನ ಮುಖ ನೋಡಿ ಟ್ರಂಕಿನ ಒಂದು ಹಿಡಿ ಹಿಡಿದಳು. ಬರಿಗೈಯಲ್ಲಿ ಮಾವನ ಮನೆಗೆ ಹೋಗುವಂತಿಲ್ಲವಲ್ಲ, ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಪೇಢೆ ಕೊಂಡೆ. ಆರು ರೂಪಾಯಿ. ಇದು ನಲವತ್ತೊಂಬತ್ತರಲ್ಲಿ ಇರಲಿಲ್ಲ.

ಅತ್ತೆಯವರಿಗೆ ನಾನು ತಿಳಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ರೊಟ್ಟಿ ಬುತ್ತಿ ಕಟ್ಟಿಕೊಡ್ತೀನಿ, ಅದಕ್ಕೇನಂತ. ಶನಿವಾರ ಹೋಗ್ರಿ ಅಳಿಯಂದ್ರ," ಎಂದರು.

"ಅತ್ತಿ, ಈಗ ಆಕಿ ನಮ್ಮ ಮನಿ ಲಕ್ಷ್ಮಿ ಅಲ್ಲೇನ್ರಿ?"

"ಅದಕ್ಕ ಅನ್ನೂದು. ಎರಡ ಮನಿ ಲಕ್ಷ್ಮಿನ ಶುಕ್ರವಾರ ದಿನ ಎಕ್ಸಿಬಿಷನ್ನಿಗೆ ಕಳಸೂದು ಹ್ಯಾಂಗ?"

ತೊಗರಿಬೇಳೆಯ ಅಡತಿ ಅಂಗಡಿಯಲ್ಲಿ ಮುನೀಮರಾಗಿರುವ ಮಾವನವರು ಲೆಕ್ಕ ಬಲ್ಲವರು, ನನ್ನ ಪರ ನಿಲ್ಲಬಹುದು ಎಂದುಕೊಂಡಿದ್ದೆ. ಅವರು ನನ್ನ ಡೈರಿಯನ್ನು ಇಸಿದುಕೊಂಡು ನೋಡಿ, "ಅಕ್ಷರ ಭಾಳ ಛಲೋ ಅದಾವ," ಎಂದರು. ಆಮೇಲೆ, "ನಿಮಗ ಅರ್ಜಂಟ್ ಇದ್ರ ನೀವೊಬ್ಬರ ಹೋಗಿ ಬರ್ರಿ. ಅಳಿಯಗ ಯಾವ ವಾರಾನೂ ಅಡ್ಡ ಇಲ್ಲ," ಎಂದರು. ಒಳಗೆ ಪಾತ್ರೆಗಳ ನಡುವೆ ಪ್ರಭಾವತಿ ನಕ್ಕದ್ದು ಕೇಳಿಸಿತು. ಅದು ನಗುವೇ ಎಂದು ಖಚಿತವಾಗಿ ಹೇಳಲಾರೆ.

ನಾನು ಸೋಲೊಪ್ಪಲಿಲ್ಲ. ಹೊರಡುವ ಮುಹೂರ್ತ ಸರಿಯಿಲ್ಲದಿದ್ದರೆ ಹಿಂದಿನ ದಿನವೇ ಗಂಟು-ಮೂಟೆಯನ್ನು ಬೇರೆ ಮನೆಯಲ್ಲಿಟ್ಟು 'ಹೊರಟಾಯಿತು' ಎನ್ನುವ ರೂಢಿ ಇದೆಯಲ್ಲ, ಅದನ್ನು ಎತ್ತಿದೆ. ಮಾವನವರು ಉತ್ಸಾಹದಿಂದ ನಮ್ಮ ಟ್ರಂಕನ್ನು ಪಕ್ಕದ ಮನೆಗೆ ಸಾಗಿಸಿದರು. ಅತ್ತೆಯವರು, "ಟ್ರಂಕ್ ಹೊಂಟಂಗಾತು. ಮಗಳು ಟ್ರಂಕ್ ಅಲ್ಲ," ಎಂದರು. ಅಲ್ಲಿಗೆ ನಾನು, ನನ್ನ ಧೋತರ, ನನ್ನ ದಾಡಿಯ ಸಾಮಾನು ಬೇರೆ ಬೇರೆ ಮನೆಗಳಲ್ಲಿ ಮಲಗಿದೆವು. ಹೆಂಡತಿ ಒಳಗೆ ತಾಯಿಯ ಮಗ್ಗುಲಲ್ಲಿ. ನಾನು ಪಡಸಾಲೆಯಲ್ಲಿ ಮಾವನವರ ಮಗ್ಗುಲಲ್ಲಿ. ನಾವಿಬ್ಬರೇ ಇರಬೇಕೆಂದು ಹೊರಟಿದ್ದೆವು. ಇದ್ದೆವು, ಮಾವ ಮತ್ತು ನಾನು. ಅವರಿಗೆ ಕೂಡಲೇ ನಿದ್ದೆ ಬರುವುದಿಲ್ಲವಂತೆ. ತೊಗರಿಯ ದರ ಯಾವ ತಿಂಗಳು ಎಷ್ಟಿತ್ತು ಎಂದು ಹೇಳುತ್ತಾ ಹೋದರು. ಬೇರೆ ದಿನವಾಗಿದ್ದರೆ ಬರೆದುಕೊಳ್ಳುತ್ತಿದ್ದೆ. ಡೈರಿ ಟ್ರಂಕಿನಲ್ಲಿತ್ತು.

ಶುಕ್ರವಾರ ಬೆಳಿಗ್ಗೆ ಟ್ರಂಕು ತರಲು ಪಕ್ಕದ ಮನೆಗೆ ಹೋದರೆ, ಮನೆಯೊಡತಿ ಬಾಗಿಲಲ್ಲೇ ತಡೆದರು. ಹೊಸ ಜೋಡಿಯ ಸಾಮಾನನ್ನು ಹಾಗೆ ಬರಿದೇ ಕೊಡಲು ಬರುತ್ತದೆಯೇ? ಜೋಡಿಯಾಗಿ ಬರಬೇಕು, ಉಡಿ ತುಂಬಬೇಕು, ಉಪ್ಪಿಟ್ಟು ತಿನ್ನಬೇಕು. ತಿಂದೆವು. ಎದ್ದು ಬರುವಾಗ ಆ ಮನೆಯ ಮಕ್ಕಳ ಕೈಗೆ ಒಂದೊಂದು ರೂಪಾಯಿ ಇಡದೆ ಬರಲು ನಾನೇನು ಕಲ್ಲೇ? ಐದು ಮಕ್ಕಳಿದ್ದವು. ಒಂದು ಮನೆಗೆ ಹೋದವರು ಅದರ ಎದುರಿನ ಮನೆಗೆ ಹೋಗದಿದ್ದರೆ ಅವರಿಗೆ ಬೇಸರ. ಅಲ್ಲಿ ನಾಲ್ಕು ಮಕ್ಕಳು. ಮೂರನೆಯ ಮನೆಯಲ್ಲಿ ಎರಡೇ ಮಕ್ಕಳಿವೆ ಎಂದು ನೆಮ್ಮದಿಯಿಂದ ಹೋದೆ. ಆ ಮನೆಯ ಮಗಳು ಬಾಣಂತನಕ್ಕೆ ಬಂದಿದ್ದಳು, ಅವಳಿಗೆ ಅವಳಿ. ಮಧ್ಯಾಹ್ನಕ್ಕೆ ನನ್ನ ಹೊಟ್ಟೆಯಲ್ಲಿ ಮೂರು ಮನೆಯ ಉಪ್ಪಿಟ್ಟು, ಲೆಕ್ಕದಲ್ಲಿ ಮೂವತ್ತಾರು ರೂಪಾಯಿ ಇದ್ದವು. ಹುಮನಾಬಾದಿನವರೆಗೆ ಆಗಲೇ ಕೊಟ್ಟದ್ದೂ ಸೇರಿ ಬಸ್ಸಿನ ಇಪ್ಪತ್ತಾರನ್ನು ಕಳೆದರೆ ಹತ್ತು.

ಪೇಢೆಗೆ ಆರು, ಮಕ್ಕಳಿಗೆ ಹದಿಮೂರು. ಉಳಿಸಿದ್ದು ಹದಿನೇಳು, ಉಳಿಸಲಿಕ್ಕೆ ಹಿಡಿದದ್ದು ಹತ್ತೊಂಬತ್ತು. ಶನಿವಾರ ಬೆಳಿಗ್ಗೆ ಬುತ್ತಿಯ ಗಂಟು ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ, ಲಾಡ್ಜು ಈ ಸಲ ಆಗುವುದಿಲ್ಲ, ಸಂಜೆ ಎಕ್ಸಿಬಿಷನ್ ನೋಡಿ ಅದೇ ರಾತ್ರಿಯ ಬಸ್ಸಿಗೆ ತಿರುಗಿ ಬರೋಣ ಎಂದು ಹೇಳುವುದು ಅನಿವಾರ್ಯವಾಯಿತು. ಪ್ರಭಾವತಿ ಜಗಳ ಮಾಡಲಿಲ್ಲ. ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

"ತೊಟ್ಟಿಲದಾಗರೆ ನಾವಿಬ್ಬರೇ ಕೂಡತೇವೋ, ಅಲ್ಲೂ ನಿಮ್ಮ ಉಳಿತಾಯ ಬಂದು ನಡುವ ಕೂಡತದೋ?" ಎಂದಳು, ಬಸ್ಸು ಬರುವ ದಿಕ್ಕನ್ನೇ ನೋಡುತ್ತ.

"ನಾವಿಬ್ಬರೇ," ಎಂದೆ. ಕಿಸೆಯ ಮೇಲೆ ಕೈಯಿಟ್ಟು ಹೇಳಿದೆ.

ಹೈದರಾಬಾದನ್ನು ವರ್ಣಿಸುವ ಶಕ್ತಿ ನನಗಿಲ್ಲ. ನಾನು ನೋಡಿದ್ದು ಮುಂದಿನವನ ಬೆನ್ನು. ಶನಿವಾರದ ಜನ! ನೂಕಿಸಿಕೊಂಡು, ಕಾಲು ತುಳಿಸಿಕೊಂಡು, ದೀಪ ಹಚ್ಚುವ ಹೊತ್ತಿಗೆ ತೊಟ್ಟಿಲ ಬುಡ ಸೇರಿದೆವು. ಒಂದೊಂದು ಡಬ್ಬಿಗೆ ನಾಲ್ಕು ಜನ. ತಲೆಗೆ ಒಂದು ರೂಪಾಯಿ, ಹನ್ನೆರಡು ಸುತ್ತು ಎಂದು ಹಲಗೆಯ ಮೇಲೆ ಬರೆದಿತ್ತು. ಇಬ್ಬರನ್ನೇ ಕೂರಿಸು ಎಂದು ತೊಟ್ಟಿಲಿನವನನ್ನು ಕೇಳಿಕೊಂಡೆ. ಅವನು ನನ್ನ ಕಡೆ ನೋಡದೆ, "ಚಾರ್ ಟಿಕೆಟ್ ಲೇಲೋ ಸಾಬ್, ಡಬ್ಬಾ ತುಮಾರಾಚ್," ಎಂದ.

ಇಬ್ಬರು ಕೂರಲು ನಾಲ್ಕು ಟಿಕೆಟ್ಟು. ಇಲ್ಲದ ಇಬ್ಬರಿಗೆ ಎರಡು ರೂಪಾಯಿ. ಪ್ರಭಾವತಿ ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಮನಸ್ಸಿನಲ್ಲಿ ಗುಣಿಸುವಾಗ ಅವು ಅಲ್ಲಾಡುತ್ತವೆ ಎಂದು ಅವಳಿಗೆ ಗೊತ್ತು. ನಾನು ತುಟಿ ಬಿಗಿಹಿಡಿದು ನಾಲ್ಕು ರೂಪಾಯಿ ಎಣಿಸಿ ಕೊಟ್ಟೆ. ನನ್ನ ಜೀವನದಲ್ಲಿ ಅಂಥ ಕೆಲಸ ಮಾಡಿದ್ದು ಅದೊಂದೇ ಸಲ. ಇದನ್ನು ಓದುವವರು ದಯವಿಟ್ಟು ಗಮನಿಸಬೇಕು.

ಡಬ್ಬಿ ಮೇಲೇರಿತು. ಜನ ಸಣ್ಣವರಾದರು, ಗದ್ದಲ ಕೆಳಗೇ ಉಳಿಯಿತು. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ನಮ್ಮ ಸುತ್ತ ಯಾರೂ ಇರಲಿಲ್ಲ. ಮೊದಲ ಎರಡು ಸುತ್ತು ಇಬ್ಬರೂ ಎದುರಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದು ಕೂತೆವು. "ಅಯ್ಯ, ಅಲ್ಲಿ ನೋಡ್ರಿ!" ಎಂದು ಕೂಗಿದ ಪ್ರಭಾವತಿ, ಅಷ್ಟೆತ್ತರದಲ್ಲೂ ರೂಢಿಯಂತೆ ಬಾಯಿಗೆ ಸೆರಗು ಒತ್ತಿದಳು. ಆಮೇಲೆ ಇಬ್ಬರೂ ನಕ್ಕೆವು. ಆಮೇಲೆ ಅವಳು ಕಂಬಿಯ ಮೇಲಿದ್ದ ನನ್ನ ಕೈಯ ಹತ್ತಿರ ತನ್ನ ಕೈಯಿಟ್ಟು, "ನಿಮಗೊಂದ ಮಾತ ಹೇಳಬೇಕಂತ ಭಾಳ ದಿವಸದಿಂದ ಮಾಡೀನ್ರಿ," ಎಂದಳು.

"ಒಂದ ನಿಮಿಷ ತಡಿ," ಎಂದೆ ನಾನು. "ಇದು ಆರನೇದೋ ಏಳನೇದೋ?"

ಅವಳು ಕೈ ತೆಗೆದಳು. ಏಳನೆಯದು ಎಂದು ನನಗೆ ಖಚಿತವಾಗುವ ಹೊತ್ತಿಗೆ ಎಂಟನೆಯದು ನಡೆದಿತ್ತು. "ಈಗ ಹೇಳು," ಎಂದೆ. "ಏನಿಲ್ಲ ಬಿಡ್ರಿ. ಎಣಸ್ರಿ," ಎಂದಳು. ಎಣಿಸಿದೆ. ಹತ್ತಕ್ಕೆ ತೊಟ್ಟಿಲು ನಿಂತಿತು.

ಹತ್ತಕ್ಕೆ! ಹಲಗೆಯ ಮೇಲೆ ಹನ್ನೆರಡು. ಕೆಳಗಿಳಿದವನೇ ತೊಟ್ಟಿಲಿನವನನ್ನು ಹಿಡಿದುಕೊಂಡೆ. ಪ್ರಭಾವತಿ ತೋಳು ಜಗ್ಗಿದಳು. "ಹೋಗಲಿ ಬರ್ರಿ, ಮಂದಿ ನೋಡಾಕತ್ತಾರ."

"ನಾಲ್ಕು ಟಿಕೆಟ್ಟಿನ ರೊಕ್ಕ ಕೊಟ್ಟೀನಿ. ಎರಡು ಸುತ್ತು ಬರಬೇಕು. ಅದು ನಮ್ಮ ಹಕ್ಕು."

ತೊಟ್ಟಿಲಿನವನಿಗೆ ಸಾಕಾಗಿತ್ತು. "ದೋ ಚಕ್ಕರ್ ಕೇ ವಾಸ್ತೆ ಝಗಡಾ ಕಾಯ್ಕು? ಬೈಠೋ ಸಾಬ್, ಬೈಠೋ!" ಎಂದು ಡಬ್ಬಿಯ ಬಾಗಿಲು ತೆರೆದ. ನಾನು ಗೆದ್ದವನಂತೆ ಹೆಂಡತಿಯ ಕಡೆ ತಿರುಗಿದೆ.

"ನಿಮ್ಮ ಹಕ್ಕು, ನೀವ ತಿರಗ್ರಿ," ಎಂದಳು. "ನಾ ಇಲ್ಲೇ ನಿಂದರ್ತೀನಿ."

ಹತ್ತಿ ಕೂತೆ. ಉಳಿದ ಮೂರು ಜಾಗಕ್ಕೆ ಅವನು ಕ್ಷಣದಲ್ಲಿ ಜನ ತುಂಬಿದ: ಒಬ್ಬರು ಮುದುಕರು, ಅವರ ಇಬ್ಬರು ಸೊಸೆಯರು. ತೊಟ್ಟಿಲು ಎದ್ದೊಡನೆ ಮುದುಕರು ಕಣ್ಣುಮುಚ್ಚಿ ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು, "ಬಿಡಬ್ಯಾಡ್ರಿ ಸಾಹೇಬ್ರ," ಎಂದರು. ಎರಡು ಸುತ್ತಾದ ಮೇಲೆ ನಿಲ್ಲಿಸು ಎಂದು ಕೂಗಿದೆ. ಉಳಿದವರು ಪೂರಾ ದರ ಕೊಟ್ಟವರು, ನನ್ನೊಬ್ಬನಿಗಾಗಿ ಆ ಯಂತ್ರ ಏಕೆ ನಿಲ್ಲಬೇಕು? ಈ ಸಲ ಅವನು ಲೆಕ್ಕ ತಪ್ಪಲಿಲ್ಲ. ಸರಿಯಾಗಿ ಹನ್ನೆರಡು ತಿರುಗಿಸಿದ.

ಪ್ರತಿ ಸಲ ಕೆಳಗೆ ಬಂದಾಗಲೂ ಪ್ರಭಾವತಿಯನ್ನು ಹುಡುಕಿದೆ. ನಾಲ್ಕನೆಯ ಸುತ್ತಿನಲ್ಲಿ ಅವಳು ಕಬ್ಬಿನ ಹಾಲಿನ ಗ್ಲಾಸು ಹಿಡಿದಿದ್ದಳು. ಏಳನೆಯದರಲ್ಲಿ ಒಂದು ಖಾಲಿ ಬೆಂಚಿನ ಮೇಲೆ ಕೂತು, ಚಪ್ಪಲಿ ಬಿಟ್ಟು, ಕಾಲು ಚಾಚಿ, ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಹತ್ತನೆಯದರಲ್ಲಿ ದೀಪದ ಸರಗಳನ್ನು ನೋಡುತ್ತಿದ್ದಳು. ಒಮ್ಮೆಯೂ ಮೇಲೆ ನೋಡಲಿಲ್ಲ. ಅಡಿಗೆಗೆ ಏನು ಎಂದು ಕೇಳುವವರಿಲ್ಲ, ಗೋಡೆಯಾಚೆ ಕೆಮ್ಮುವವರಿಲ್ಲ, ಪಕ್ಕದಲ್ಲಿ ಎಣಿಸುವವನಿಲ್ಲ. ಮದುವೆಯಾದ ಮೇಲೆ ಅವಳ ಮುಖ ಅಷ್ಟು ಸಮಾಧಾನವಾಗಿ ಇದ್ದುದನ್ನು ನಾನು ನೋಡಿರಲಿಲ್ಲ. ಯಾರದೋ ಮಾವನವರ ಕೈ ಹಿಡಿದುಕೊಂಡು, ಆಕಾಶದ ತುದಿಯಿಂದ, ನನಗದು ಚೆನ್ನಾಗಿ ಕಾಣುತ್ತಿತ್ತು.