ಪುತ್ತೂರು ಬಿಟ್ಟು ಬಂಟ್ವಾಳಕ್ಕೆ

ರಾಜಗೋಪಾಲನ ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ, ರೂಮಿನ ಪ್ಲಗ್‌ನಲ್ಲಿ ಕರೆಂಟ್ ಇರಲಿಲ್ಲ. ಹಾಗಾಗಿ ಫೋನನ್ನು ಕೆಳಗೆ ಹೋಟೆಲಿನ ಕೌಂಟರಿನಲ್ಲಿ ಕೊಟ್ಟು ಬಂದ. ಮುಂದೆ ನಡೆದದ್ದಕ್ಕೆಲ್ಲ ಅಷ್ಟೇ ಕಾರಣ.

ಗಲ್ಫಿನ ರೂವಿ ಪಟ್ಟಣದ ಒಂದು ಕಂಪೆನಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ ಈ ಮೈಸೂರಿನವನು ಆ ಶುಕ್ರವಾರ ಮಂಗಳೂರಿನಲ್ಲಿ ಇರಬೇಕಿತ್ತು. ಅಲ್ಲಿ ಹೆಂಡತಿ ಚಿತ್ರಾಳ ಅಣ್ಣ ಭೋಜರಾಜನ ಹೊಸಮನೆಯ ಗೃಹಪ್ರವೇಶ. ಆದರೆ ಹಿಂದಿನ ಸಲ ಮಾವನ ಮನೆಯ ಮದುವೆಯಲ್ಲಿ ಅಳಿಯನೆಂಬ ಮರ್ಯಾದೆಗೆ ಇವನ ಕೈಗೆ ಸಾಂಬಾರಿನ ಬಕೆಟ್ ಕೊಟ್ಟಿದ್ದರು. ಅದಕ್ಕೇ ಈ ಸಲ "ರಜೆ ಸಿಗಲಿಲ್ಲ" ಎಂದು ಹೆಂಡತಿಯೊಬ್ಬಳನ್ನೇ ಕಳಿಸಿ, ಸಿಕ್ಕಿದ್ದ ರಜೆಯನ್ನು ಗಲ್ಫಿನಲ್ಲೇ, ಸಹಮ್ ಎಂಬ ಊರಿನ ಕಡಲ ಬದಿಯ ಅತಿ ಅಗ್ಗದ ಹೋಟೆಲಿನಲ್ಲಿ ಕಳೆಯಲು ಮೊದಲ ಬಸ್ಸಿಗೇ ಬಂದಿಳಿದಿದ್ದ. ಆಕಾಶ ಬಿದ್ದರೂ ಎರಡು ದಿನ ಹಾಸಿಗೆ ಬಿಟ್ಟು ಏಳುವುದಿಲ್ಲವೆಂಬುದು ಅವನ ಪಣ.

ಹೋಟೆಲು ನಡೆಸುತ್ತಿದ್ದವನು ಉಪ್ಪಿನಂಗಡಿಯ ಮೊಯ್ದು. ತರಕಾರಿ ಅಂಗಡಿಯ ಮೇಲಿನ ಆರು ರೂಮುಗಳಿಗೆ ನಂಬರ್ ಹಾಕದೆ ಊರುಗಳ ಹೆಸರಿಟ್ಟಿದ್ದ.

"ನಂಬರ್ ಮರ್ತು ಹೋಗ್ತದೆ ಸಾರ್. ಊರು ಮರೀಲಿಕ್ಕೆ ಉಂಟಾ?"

ರಾಜಗೋಪಾಲನಿಗೆ ಸಿಕ್ಕಿದ್ದು ಪುತ್ತೂರು. ಅಲ್ಲಿಯ ಎಸಿ ಶಿರಾಡಿ ಘಾಟಿ ಹತ್ತುವ ಲಾರಿಯಂತೆ ಏದುಸಿರು ಬಿಟ್ಟು ಅರ್ಧದಲ್ಲೇ ನಿಂತುಬಿಟ್ಟಿತು.

"ಪುತ್ತೂರು ಇವತ್ತು ಆಗುದಿಲ್ಲ ಸಾರ್, ಬಂಟ್ವಾಳಕ್ಕೆ ಹೋಗಿ," ಎಂದು ಮೊಯ್ದು ಕೀಲಿಕೈ ಬದಲಿಸಿದ.

ಬಂಟ್ವಾಳದ ನಲ್ಲಿಯಲ್ಲಿ ಬಂದ ನೀರಿಗೆ ಚಹಾಪುಡಿ ಹಾಕಿದರೆ ಸಾಕಿತ್ತು. ರಾಜಗೋಪಾಲ ಜಗ್ಗಲಿಲ್ಲ. ಬಕೆಟ್ ತುಂಬಿಸಿ, ಟವೆಲ್ ಸುತ್ತಿಕೊಂಡು, ನೀರು ಆರುವ ತನಕ ಕಾದು ಕುಳಿತು, ಸ್ನಾನ ಮಾಡಿಯೇ ಕೆಳಗಿಳಿದ.

ಮೊಯ್ದುವಿನ ಮುಖ ಅರಳಿತ್ತು. "ನಿಮ್ಮ ಮಿಸೆಸ್ ಎರಡು ಸಲ ಫೋನ್ ಮಾಡಿದ್ರು ಸಾರ್. ನಾನೇ ಎತ್ತಿದೆ."

"ಏನಂದ್ರಿ?"

"ಇದ್ದದ್ದು ಇದ್ದ ಹಾಗೆ ಹೇಳಿದೆ. ಮೊದಲನೇ ಸಲ, ಸಾರ್ ಪುತ್ತೂರಲ್ಲಿದ್ದಾರೆ ಅಂದೆ. ಎರಡನೇ ಸಲ, ಪುತ್ತೂರು ಬಿಟ್ಟು ಆಯ್ತು, ಈಗ ಬಂಟ್ವಾಳದಲ್ಲಿ ಸ್ನಾನ ಮಾಡ್ತಾ ಇದ್ದಾರೆ ಅಂದೆ."

"ಸಹಮ್ ಅಂತ ಹೇಳ್ಲಿಲ್ವೇನ್ರೀ?"

"ಅವರು ಕೇಳ್ಲಿಲ್ಲ ಸಾರ್."

ರಾಜಗೋಪಾಲ ಫೋನ್ ಕಿತ್ತುಕೊಂಡು ಅಲ್ಲಿದ್ದ ಬೆಂಚಿನ ಮೇಲೆ ಕುಳಿತ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಮೀನು ವ್ಯಾಪಾರಿ ಆದಂ, ವಿಟ್ಲದ ರೂಮಿನವನು, ಕೇಳದೆಯೇ ಬುದ್ಧಿ ಹೇಳಿದ.

"ಸತ್ಯ ಹೇಳಿಬಿಡಿ ಮಾರಾಯ್ರೇ. ಇವತ್ತು ಹೇಳಿದ್ರೆ ಒಂದು ಬೈಗುಳ, ನಾಳೆ ಹೇಳಿದ್ರೆ ಹತ್ತು."

ಹೌದು, ಹೇಳಿಯೇ ತೀರುವುದು! ರಾಜಗೋಪಾಲ ಹಲ್ಲು ಕಚ್ಚಿ ಫೋನ್ ಹಚ್ಚಿದ.

"ಚಿತ್ರಾ, ಪೂರ್ತಿ ಕೇಳು. ನಾನು ಪುತ್ತೂರಿಗೂ ಬಂದಿಲ್ಲ, ಬಂಟ್ವಾಳಕ್ಕೂ ಬಂದಿಲ್ಲ. ರಜೆ ಸಿಕ್ಕಿತ್ತು, ಸುಳ್ಳು ಹೇಳ್ದೆ. ಇಲ್ಲೇ ಸಹಮ್‌ನಲ್ಲಿ ಒಂದು ಹೋಟ್ಲಲ್ಲಿದ್ದೀನಿ."

ಆ ಕಡೆಯಿಂದ ಬಂದದ್ದು ಬೈಗುಳವಲ್ಲ, ನಗು.

"ಸಾಕು ರೀ ನಾಟಕ! ಹೇಳದೆ ಕೇಳದೆ ಬರ್ತಾ ಇದ್ದೀರಿ ಅಂತ ಇಲ್ಲಿ ಎಲ್ಲರಿಗೂ ಗೊತ್ತಾಯ್ತು. ಅಳಿಯ ಬಾರದೆ ಊಟಕ್ಕೆ ಎಲೆ ಹಾಕುದು ಬೇಡ ಅಂತ ಅಪ್ಪ ಹಟ ಹಿಡಿದಿದ್ದಾರೆ. ಇನ್ನೂರು ಜನ ಹಸಿದು ಕೂತಿದ್ದಾರೆ. ನಿನ್ನ ಗಂಡ ಎಲ್ಲಿ ಬರ್ತಾನೆ ಅಂತ ಹಂಗಿಸಿದವರೆಲ್ಲ ಈಗ ಬಾಯಿ ಮುಚ್ಚಿದ್ದಾರೆ, ಗೊತ್ತುಂಟಾ?"

ಕೊನೆಯ ಮಾತಿಗೆ ಅವಳು ಅಳುತ್ತಲೇ ನಕ್ಕಳು. ರಾಜಗೋಪಾಲನಿಗೆ ಬೈಗುಳವೇ ವಾಸಿಯಿತ್ತು ಅನ್ನಿಸಿತು.

"ದೇವರಾಣೆಗೂ ನಿಜ ಕಣೇ ಚಿತ್ರಾ, ನಾನು..."

ಅಷ್ಟರಲ್ಲಿ ಬಂಟ್ವಾಳದ ಎಸಿಯೂ ನಿಂತು, ಮೊಯ್ದು ಮೆಟ್ಟಿಲ ಮೇಲಿಂದ ಕೂಗಿದ: "ಸಾರ್, ಬಂಟ್ವಾಳ ಖಲಾಸ್! ನಿಮ್ಮ ಬ್ಯಾಗ್ ಮಂಗಳೂರಿಗೆ ಮುಟ್ಟಿ ಆಯ್ತು, ಯಲ್ಲಾ, ಬೇಗ ಬನ್ನಿ!"

"ಅಪ್ಪಾ!" ಫೋನಿನಲ್ಲಿ ಚಿತ್ರಾ ಕಿರುಚಿದಳು. "ಮಂಗಳೂರಿಗೆ ಮುಟ್ಟಿ ಆಯ್ತಂತೆ! ಎಲೆ ಹಾಕ್ಲಿಕ್ಕೆ ಹೇಳಿ!"

ಜನ ದಬದಬನೆ ಏಳುವ ಸದ್ದು, ಬಾಳೆಲೆ ಹಾಸುವ ಸದ್ದು. ಅದರ ನಡುವೆ ಮಾವನ ತುಂಬಿದ ದನಿ:

"ಅಳಿಯನ ಎಲೆ ನನ್ನ ಪಕ್ಕದಲ್ಲೇ ಹಾಕಿ. ಅವರು ಬಂದು ಕೂತ ಮೇಲೆಯೇ ಬಡಿಸುದು."